ಹುಣಸಿಗಡ್ಡಿಯ ಸೋಮವಾರ

ಆಚೆ ದಂಡೆಯ ಜನ ನಮ್ಮ ಊರನ್ನು ಊರು ಎಂದು ಕರೆಯುವುದಿಲ್ಲ, ‘ದೇಶ’ ಅನ್ನುತ್ತಾರೆ. ಸಂತೆಯಲ್ಲಿ ನನ್ನನ್ನು ಕಂಡರೆ ಸಾಕು, “ಏನ್ರಿ ದುರ್ಗಾದೇವಿ, ನಿಮ್ಮ ದೇಶದಾಗ ಮಳಿ ಆತೇನ್ರಿ?” ಎಂದು ಹಲ್ಲು ಕಿರಿಯುತ್ತಾರೆ. ತುಂಗಭದ್ರೆ ಎರಡಾಗಿ ಸೀಳಿ ಮತ್ತೆ ಕೂಡುವ ಕಡೆ ನಡುವೆ ಉಳಿದ ನೆಲ ನಮ್ಮದು. ಹೆಸರು ಹುಣಸಿಗಡ್ಡಿ; ನಡುಗಡ್ಡೆಗೆ ನಮ್ಮ ಕಡೆ ಗಡ್ಡಿ ಅನ್ನುತ್ತಾರೆ. ಮೂವತ್ತರಷ್ಟು ಮನೆಗಳು, ಒಂದಿಷ್ಟು ಭತ್ತದ ಗದ್ದೆ, ಹುಣಸೆ ಮರಗಳು, ಊರ ಹಿಂದೆ ಒಂದು ದೊಡ್ಡ ಬಂಡೆ. ಹೊರಗೆ ಹೋಗಬೇಕೆಂದರೆ ಹರಿಗೋಲು ಹತ್ತಬೇಕು. ಹರಿಗೋಲು ಹಾಕುವವನು ನನ್ನ ಗಂಡ ಮಲ್ಲೇಶ. ಹಾಗಾಗಿ ನಮ್ಮ ದೇಶದ ಗಡಿ ಕಾಯುವವನು ನನ್ನ ಮನೆಯಲ್ಲೇ ಇದ್ದಾನೆ ಎಂದು ನಾನೂ ತಿರುಗಿ ಹೇಳುತ್ತೇನೆ. ಬಾಯಿ ನನಗೂ ಇದೆ.

ನಾನು ಹುಟ್ಟಿದ್ದು ಮರಳಿ ಎಂಬ ಊರಲ್ಲಿ. ಕಾಲುವೆ ನೀರು, ಕಣ್ಣು ಹಾಯುವಷ್ಟು ಗದ್ದೆ, ತೊಟ್ಟಿಲಲ್ಲಿದ್ದಾಗಲೇ ತಲೆ ಮೇಲೆ ಫ್ಯಾನು. ಮದುವೆಯಾಗಿ ಇಲ್ಲಿಗೆ ಬಂದ ದಿನ ಕತ್ತಲಾಗುತ್ತಲೇ ಗೋಡೆ ತಡಕಾಡಿದೆ. ಅತ್ತೆ ಹೊಳಿಯಮ್ಮ ಚಿಮಣಿ ದೀಪಕ್ಕೆ ಕಡ್ಡಿ ಗೀರುತ್ತ, “ಏನ್ ಹುಡುಕಾಕತ್ತೀ ಯವ್ವಾ?” ಅಂದಳು. “ಸ್ವಿಚ್ ಎಲ್ಲೈತ್ರಿ ಅತ್ತಿ?” ಅಂದೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲು ಹೋಗಿ ಕೆಮ್ಮಿದಳು. ಆ ಕೆಮ್ಮು ನಿಲ್ಲಲು ಎಷ್ಟೋ ಹೊತ್ತು ಬೇಕಾಯಿತು. ಅವಳಿಗೆ ದಮ್ಮು ಇದೆ ಎಂದು ನನಗೆ ಗೊತ್ತಾದದ್ದು ಹಾಗೆ.

ದಮ್ಮು ಎಂದರೆ ಸಣ್ಣ ಮಾತಲ್ಲ. ಒಲೆಯ ಹೊಗೆ, ಚಿಮಣಿಯ ಹೊಗೆ ಕುಡಿದು ಕುಡಿದು ಅವಳ ಎದೆ ಕಟ್ಟಿಬಿಟ್ಟಿತ್ತು. ಬಂತೆಂದರೆ ಮೂಗಿನ ಹೊಳ್ಳೆ ಅರಳುತ್ತಿತ್ತು, ಕಣ್ಣು ಮೇಲಾಗುತ್ತಿತ್ತು, ಮಾತು ನಿಲ್ಲುತ್ತಿತ್ತು. ಗಂಗಾವತಿಯ ದವಾಖಾನೆಗೆ ಒಯ್ದರೆ ಅಲ್ಲಿ ಮಿಷನ್ ಹಚ್ಚಿ, ಔಷಧದ ಹಬೆ ಕೊಟ್ಟು ಉಸಿರು ಬಿಡಿಸುತ್ತಿದ್ದರು. ಆದರೆ ಒಯ್ಯುವುದು ಹೇಗೆ? ಡ್ಯಾಮಿನ ಗೇಟು ಎತ್ತಿದರೆಂದರೆ ಹೊಳೆ ಕೆಂಪಾಗಿ ಉಕ್ಕುತ್ತದೆ, ಹರಿಗೋಲು ದಂಡೆಯ ಮೇಲೆ ಬೋರಲು ಬೀಳುತ್ತದೆ. ಅಂಥ ಒಂದು ಮಳೆಗಾಲದಲ್ಲಿ ಅತ್ತೆಗೆ ಮಲಗಲೂ ಆಗದೆ, ಕೂಡಲೂ ಆಗದೆ ಹೋದಾಗ ಮಾವ ಓಬಳೆಪ್ಪ ಅವಳ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಗೋಡೆಯಂತೆ ಕೂತುಬಿಟ್ಟರು. ನೀರಿಳಿಯುವವರೆಗೂ ಅಲ್ಲಾಡಲಿಲ್ಲ. ನಾನು ಬಾಯಿಗೆ ಗಂಜಿ ಹಿಡಿದರೆ, “ಮೊದಲು ಆಕಿಗೆ” ಎನ್ನುತ್ತಿದ್ದರು. ಆ ಸಲ ಅತ್ತೆ ಉಳಿದದ್ದು ಹೇಮಗುಡ್ಡದ ದುರ್ಗಮ್ಮನ ದಯೆಯಿಂದಲೋ, ಮಾವನ ಬೆನ್ನಿನಿಂದಲೋ, ನನಗಂತೂ ಹೇಳಲು ಬರುವುದಿಲ್ಲ.

ಕರೆಂಟಿಗಾಗಿ ಎರಡು ಸಲ ಹೊಳೆಯಲ್ಲಿ ಕಂಬ ನೆಟ್ಟಿದ್ದರು. ಎರಡು ಸಲವೂ ಹೊಳೆ ಒಯ್ದಿತು. ಕಡೆಗೆ ಒಂದು ಸಂಸ್ಥೆಯವರು ಬಂದು ಬಂಡೆಯ ನೆತ್ತಿಯ ಮೇಲೆ ಎಂಟು ಸೋಲಾರ್ ಪ್ಲೇಟು ಕೂಡಿಸಿದರು. ಎಂಥ ಹೊಳೆ ಬಂದರೂ ಅಲ್ಲಿಗೆ ಮುಟ್ಟುವುದಿಲ್ಲ. ಪಕ್ಕದಲ್ಲಿ ಬ್ಯಾಟರಿ ಇಡಲು ಸಣ್ಣ ಖೋಲಿ, ಸುತ್ತ ತಂತಿಬೇಲಿ. ಮನೆಮನೆಗೆ ಎರಡು ಬಲ್ಬು, ಒಂದು ಪ್ಲಗ್ಗು. ಮೊದಲ ಸಂಜೆ ಬಲ್ಬು ಹತ್ತಿದಾಗ ಅತ್ತೆ ಚಿಮಣಿಯನ್ನು ಎತ್ತಿ ಹಿತ್ತಲಿಗೆ ಎಸೆದಳು. ನಾನು ಗೋಡೆಯ ಮೇಲಿನ ಸ್ವಿಚ್ಚನ್ನು ಸುಮ್ಮನೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಮಲ್ಲೇಶ, “ಸುಟ್ಟೀತು, ಬಿಡ” ಎಂದು ಗದರಿಸಿದ. ಇಷ್ಟು ವರ್ಷ ಹುಡುಕಿದ್ದು ಸಿಕ್ಕಿತ್ತು, ಅಷ್ಟು ಸುಲಭಕ್ಕೆ ಹೇಗೆ ಬಿಡಲಿ?

ಪ್ಲೇಟು ಕಾಯಲು ಯಾರನ್ನು ಇಡುವುದೆಂಬ ಮಾತು ಬಂದಾಗ ಊರವರೆಲ್ಲ ಒಂದೇ ಬಾಯಲ್ಲಿ ಮಾವನ ಹೆಸರು ಹೇಳಿದರು. ಮಾವ ಬದುಕಿಡೀ ಬೇರೆಯವರ ಎತ್ತು ಹೂಡಿದವರು. ಅವರ ಕೈಯಲ್ಲಿ ಒಂದು ಎತ್ತೂ ಬಾರುಕೋಲಿನ ಏಟು ತಿಂದಿಲ್ಲ ಎಂದು ಆಚೆ ದಂಡೆಯವರೂ ಹೇಳುತ್ತಾರೆ. ಮಧ್ಯಾಹ್ನ ಬಿಸಿಲೇರಿದರೆ, ಹೊಲದ ಸಾಹುಕಾರ ಬದುವಿನ ಮೇಲೆ ನಿಂತು ಕೂಗಿದರೂ ಸರಿಯೇ, ನೊಗದಿಂದ ಕೊರಳು ಬಿಚ್ಚಿ ನೆರಳಿಗೆ ಕಟ್ಟುವವರೇ. ಈಗ ಗಡ್ಡಿಗೂ ಹರಿಗೋಲು ಜೋಡಿಸಿ ಟ್ರ್ಯಾಕ್ಟರ್ ತಂದಿದ್ದಾರೆ. ಎತ್ತುಗಳು ಹೋದ ಮೇಲೆ ಮಾವನ ಕೈಗೆ ಕೆಲಸವಿರಲಿಲ್ಲ, ಬಾಯಿಗೆ ಮಾತೂ ಇರಲಿಲ್ಲ.

ಬ್ಯಾಟರಿ ಖೋಲಿಯ ಕೀಲಿ ಕೊಡಲು ಬಂದವನು ಕಾಶಿನಾಥ. ಕುಷ್ಟಗಿಯ ಹುಡುಗ, ಸಂಸ್ಥೆಯ ಮೆಕ್ಯಾನಿಕ್, ಪ್ರತಿ ಗುರುವಾರ ಬಂದು ಎಲ್ಲವನ್ನೂ ನೋಡಿ ಹೋಗುವವನು. ಮಾವ ಅವನನ್ನು ಕೇಳಿದರು, “ಇವು ಅಲ್ಲಾಡಂಗಿಲ್ಲ, ತಿರುಗಂಗಿಲ್ಲ. ಹೆಂಗ ದುಡೀತಾವಪಾ?”

ಕಾಶಿನಾಥನಿಗೆ ಅವಸರ. ಹರಿಗೋಲು ಕಾಯುತ್ತಿತ್ತು. “ಅಜ್ಜಾ, ಇವು ಎಂಟೂ ಎಂಟು ಎತ್ತು ಅಂತ ತಿಳ್ಕೋ. ದಿನಾ ದುಡೀತಾವ, ನಾವು ಉಣ್ತೀವಿ. ಛಲೋ ನೋಡ್ಕೊಂಡಿ ಅಂದ್ರ ಇಪ್ಪತ್ತು ವರ್ಷ ದುಡೀತಾವ.”

ಮಾವ ತಲೆಯಾಡಿಸಿದರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಗೆಲುವು ಕಂಡಿತು.

ಗಂಗಾವತಿಯ ಡಾಕ್ಟರು, ಇನ್ನು ಮನೆಯಲ್ಲೇ ಕರೆಂಟಿದೆಯಲ್ಲ ಎಂದು ಅತ್ತೆಗೆ ಒಂದು ಸಣ್ಣ ಹಬೆ ಮಿಷನ್ ಕೊಡಿಸಿದರು. ಮೊದಲ ಸಲ ದಮ್ಮು ಹತ್ತಿದಾಗ ನಾನು ಔಷಧ ಹಾಕಿ, ಮುಖಕ್ಕೆ ಮುಚ್ಚಿ, ಸ್ವಿಚ್ ಹಾಕಿದೆ. ಮಿಷನ್ ಗುರ್ ಎಂದಿತು. ಸ್ವಲ್ಪ ಹೊತ್ತಿಗೆ ಅತ್ತೆಯ ಭುಜ ಇಳಿಯಿತು, ಕಣ್ಣು ಕೆಳಗೆ ಬಂದವು. ಮುಖದ ಮುಚ್ಚಳ ಸರಿಸಿ, “ಒಂದೀಟು ಚಾ ಮಾಡ” ಅಂದಳು. ದವಾಖಾನೆ ಇಲ್ಲ, ಹರಿಗೋಲು ಇಲ್ಲ, ದಮ್ಮು ಬಂದು ಹೋಗಿ ಚಹಾ ಕೇಳುತ್ತಿದ್ದಾಳೆ! ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಮಾವ ಒಂದು ತೆಂಗಿನಕಾಯಿ ಹಿಡಿದು ಬಂಡೆ ಹತ್ತಿದರು. ಮೇಲೆ ಹೋಗಿ ಯಾವ ದೇವರಿಗೆ ಒಡೆದರೆಂದು ನಾನು ಕೇಳಲಿಲ್ಲ.

ಇಷ್ಟೆಲ್ಲ ಸರಿಯಾಗಿತ್ತು, ಸೋಮವಾರ ಒಂದು ಬಿಟ್ಟು.

ಸೋಮವಾರ ಆಚೆ ದಂಡೆಯಲ್ಲಿ ಸಂತೆ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಹೊಲದ ಕೆಲಸಕ್ಕೆ ಬಿಡುವೆಂದು ಹಿಂದಿನವರು ಸಂತೆಯನ್ನೂ ಅದೇ ದಿನ ಇಟ್ಟುಕೊಂಡಿದ್ದಾರೆ. ಮುಂಜಾನೆ ಊರಿಗೆ ಊರೇ ಹರಿಗೋಲು ಹತ್ತಿ ಹೋಗುತ್ತದೆ, ಸಂಜೆ ಬರುತ್ತದೆ. ಸೋಲಾರ್ ಬಂದ ಮೇಲಿನ ಮೊದಲ ಸೋಮವಾರ ಸಂತೆಯಿಂದ ಬಂದು ಸ್ವಿಚ್ ಹಾಕಿದರೆ ಬಲ್ಬು ಹತ್ತಲಿಲ್ಲ. ಮಂಗಳವಾರ ಹತ್ತಿತು. ಮುಂದಿನ ಸೋಮವಾರ ಬಲ್ಬು ಮಿಣುಕ್ ಎಂದು ಆರಿತು. ಅದರ ಮುಂದಿನ ಸೋಮವಾರ ಮತ್ತೆ ಕತ್ತಲೆ. ವಾರದ ಉಳಿದ ದಿನ ಊರು ಝಗಮಗ.

ಆಚೆ ದಂಡೆಯವರಿಗೆ ಇನ್ನೇನು ಬೇಕು? “ನಿಮ್ಮ ದೇಶದಾಗ ಸೋಮವಾರ ಅಮಾಸಿ ಏನ್ರಿ?” ಎಂದು ಶುರುವಾಯಿತು. ನನಗೆ ನಗೆ ಬರಲಿಲ್ಲ. ದಮ್ಮು ವಾರ ನೋಡಿ ಬರುವುದಿಲ್ಲ. ಸೋಮವಾರ ರಾತ್ರಿ ಹತ್ತಿದರೆ ಏನು ಗತಿ ಎಂಬ ಚಿಂತೆ ನನಗೆ ಹತ್ತಿತು.

ನಾನು ಸುಮ್ಮನೆ ಕೂರುವ ಪೈಕಿ ಅಲ್ಲ. ಪಕ್ಕದ ಮನೆಯ ಫಕೀರಮ್ಮ ದೊಡ್ಡ ಟಿವಿ ತಂದಿದ್ದಳು. ಅವಳ ಅಂಗಳದಲ್ಲಿ ನಿಂತು, “ಸೋಮವಾರ ಏನ್ ಧಾರಾವಾಹಿ ನೋಡ್ತಿ? ಊರಿನ ಕರೆಂಟೆಲ್ಲ ನುಂಗಾಕತ್ತೀ!” ಎಂದು ಜಗಳ ತೆಗೆದೆ. ಅವಳೇನು ಕಡಿಮೆಯೇ? “ನಾ ನಿನ್ನ ಸಂಗಾಟನ ಸಂತ್ಯಾಗ ಇರ್ತೀನಲ್ಲ, ಟಿವಿ ಯಾವ ದೆವ್ವ ನೋಡತೈತಿ?” ಅಂದಳು. ಮಾತಿಗೆ ಮಾತು ಬೆಳೆದು ಒಂದು ವಾರ ಮಾತು ಬಿಟ್ಟೆವು. ಗುರುವಾರ ಬಂದ ಕಾಶಿನಾಥ ವೈರು ನೋಡಿದ, ಪ್ಲೇಟು ನೋಡಿದ. “ಎಲ್ಲಾ ಛಲೋ ಐತ್ರಿ ಅಕ್ಕಾರ. ಬ್ಯಾಟರೀದ ಏನರ ದೋಷ ಇರಬೇಕು. ಮುಂದಿನ ವಾರ ಬಿಚ್ಚಿ ಒಯ್ತೀನಿ” ಅಂದ.

“ಬದಲಿ ಕೊಟ್ಟು ಒಯ್ತೀಯೋ, ಹಂಗ ಒಯ್ತೀಯೋ?”

“ಬದಲಿ ಬರಾಕ ಒಂದೀಟು ದಿನ ಆಗತೈತ್ರಿ.”

ಹೊಳೆ ಆಗಲೇ ಕೆಂಪಾಗತೊಡಗಿತ್ತು. ಮಾವನ ಮುಂದೆ ತಲೆ ಚಚ್ಚಿಕೊಂಡೆ. “ಮಾವಾ, ನೀವು ಮ್ಯಾಲ ಇರ್ತೀರಲ್ಲ, ಸೋಮವಾರ ಒಂದ ಯಾಕ ಹಿಂಗ ಆಗತೈತ್ರಿ?”

ಮಾವ ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತ, “ಸೋಮವಾರ ಅಲ್ಲೇನವ್ವಾ” ಅಂದರು. ಅಷ್ಟೇ. ವಯಸ್ಸಾದವರ ಮಾತು, ಎಲ್ಲವನ್ನೂ ದೇವರ ಮೇಲೆ ಹಾಕುತ್ತಾರೆ ಎಂದುಕೊಂಡು ನಾನು ಸಿಟ್ಟಿನಿಂದ ಒಳಗೆ ಹೋದೆ.

ಆ ವಾರಾಂತ್ಯ ಡ್ಯಾಮಿನ ಗೇಟು ಎತ್ತಿದರು. ಮೋಡ ಕವಿದು ಬ್ಯಾಟರಿಯೂ ಅರೆಹೊಟ್ಟೆಯಲ್ಲಿತ್ತು. ಸೋಮವಾರ ಬೆಳಗಾದಾಗ ಹೊಳೆ ಎರಡೂ ಕಡೆ ಭೋರ್ಗರೆಯುತ್ತಿತ್ತು. ಮಲ್ಲೇಶ ಹರಿಗೋಲನ್ನು ಎಳೆದು ಮರಕ್ಕೆ ಕಟ್ಟಿದ. ಸಂತೆ ಇಲ್ಲ, ಯಾರೂ ಎಲ್ಲಿಗೂ ಹೋಗುವಂತಿಲ್ಲ. ಒಂದೇ ಸಮಾಧಾನವೆಂದರೆ, ಮೋಡ ಹರಿದು ಬಿಸಿಲು ಚುರುಗುಟ್ಟುತ್ತಿತ್ತು. ಇವತ್ತು ಬ್ಯಾಟರಿ ತುಂಬುತ್ತದೆ ಎಂದುಕೊಂಡೆ.

ಊಟದ ಹೊತ್ತಿಗೆ ಅತ್ತೆ ತಟ್ಟೆ ಸರಿಸಿದಳು. ಮೂಗಿನ ಹೊಳ್ಳೆ ಅರಳಿದ್ದನ್ನು ನೋಡಿಯೇ ನಾನು ಎದ್ದೆ. ಔಷಧ ಹಾಕಿದೆ, ಮುಖಕ್ಕೆ ಮುಚ್ಚಿದೆ, ಸ್ವಿಚ್ ಹಾಕಿದೆ. ಮಿಷನ್ ಸುಮ್ಮನಿತ್ತು. ಬಲ್ಬಿನ ಸ್ವಿಚ್ ಹಾಕಿದೆ. ಅದೂ ಸುಮ್ಮನಿತ್ತು. ಹೊರಗೆ ಕಣ್ಣು ಬಿಡಲಾಗದಂಥ ಬಿಸಿಲು, ಒಳಗೆ ಒಂದು ಹನಿ ಕರೆಂಟಿಲ್ಲ! ಅತ್ತೆಗೆ ಹೊದಿಸೋಣವೆಂದರೆ ಅವಳ ಕೌದಿ ಕೂಡ ಮಂಚದ ಮೇಲಿರಲಿಲ್ಲ. “ಫಕೀರಮ್ಮಾ!” ಎಂದು ಕೂಗಿದೆ. ಮಾತು ಬಿಟ್ಟವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ನೀ ಹೋಗು, ನಾ ಹಿಡೀತೀನಿ” ಅಂದಳು. ನಾನು ಬಂಡೆಯ ಕಡೆ ಓಡಿದೆ.

ನೆತ್ತಿ ಹತ್ತಿ ಬೇಲಿಯ ಬಾಗಿಲು ತಳ್ಳಿದೆ.

ಎಂಟೂ ಪ್ಲೇಟುಗಳ ಮೇಲೆ ಕಣದಲ್ಲಿ ಹಾಸುವ ತಾಡಪತ್ರಿ ಹೊದಿಸಿತ್ತು. ಮೂಲೆಮೂಲೆಗೆ ಕಲ್ಲು. ಮೊದಲನೆಯ ಪ್ಲೇಟಿನ ಮೇಲೆ ತಾಡಪತ್ರಿಯ ಬದಲು ಅತ್ತೆಯ ಕೌದಿ, ಹಬ್ಬದ ದಿನ ಎತ್ತಿನ ಬೆನ್ನಿಗೆ ಝೂಲ ಹಾಕುತ್ತಾರಲ್ಲ, ಹಾಗೆ. ಪಕ್ಕದಲ್ಲಿ ಮಾವ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು, “ಮೆಲ್ಲಕ” ಅಂದರು.

“ಮಾವಾ! ಏನ್ ಮಾಡೀರಿ ಇದು?”

“ನೊಗ ಬಿಟ್ಟೀನವ್ವಾ. ಸೋಮವಾರ ಅಲ್ಲೇನು?” ಅವರ ಮುಖದಲ್ಲಿ ಒಂದು ಚೂರು ಅಳುಕಿಲ್ಲ. “ಆರು ದಿನ ನಮ್ಮ ಸಲುವಾಗಿ ಸುಟ್ಟುಕೊಂತಾವ. ಆಕಿ ಉಸಿರು ಇವುಗಳಿಂದನ ಐತಿ. ಒಂದಿನ ನೆರಳು ಕೊಡಬ್ಯಾಡ?”

ನನ್ನ ಬಾಯಿಯ ತುದಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಹೊರಗೆ ಬಂದದ್ದು ಬೇರೆ. “ಅತ್ತಿಗೆ ದಮ್ಮು ಹತ್ತೈತ್ರಿ. ಮಿಷನ್ ನಿಂತೈತಿ.”

ಮಾವ ತಟ್ಟನೆ ಎದ್ದರು. ಕೌದಿ ಎಳೆದರು, ತಾಡಪತ್ರಿಗಳನ್ನು ಎಳೆದರು, ಕಲ್ಲುಗಳು ಬಂಡೆಯ ಮೇಲಿಂದ ದಡದಡ ಉರುಳಿದವು. ಆ ವಯಸ್ಸಿನಲ್ಲಿ ಅಷ್ಟು ಬೇಗ ಕೈ ಓಡುವುದನ್ನು ನಾನು ನೋಡಿರಲಿಲ್ಲ. ಎಂಟೂ ಪ್ಲೇಟು ಬಿಸಿಲಿಗೆ ಬಿದ್ದ ಮೇಲೆ ಒಂದೊಂದರ ಮೇಲೂ ಅಂಗೈ ಇಟ್ಟು ಹಣೆಗೆ ಒತ್ತಿಕೊಂಡರು. “ಸೋಮವಾರ ಹೂಡಾಕತ್ತೀನಿ. ತಪ್ಪಾತು. ಆಕಿ ಸಲುವಾಗಿ. ಸಿಟ್ಟಾಗಬ್ಯಾಡ್ರಪಾ.” ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮನೆಗೆ ಓಡಿ ಬಂದರೆ ಫಕೀರಮ್ಮ ಅತ್ತೆಯ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಆ ವರ್ಷದ ಮಳೆಗಾಲದಲ್ಲಿ ನೋಡಿದ್ದಳು. ನಾನು ಮಿಷನ್ನಿನ ಸ್ವಿಚ್ ಹಾಕಿಯೇ ಇಟ್ಟು, ಅತ್ತೆಯ ಕೈ ಹಿಡಿದು ಕೂತೆ. ಅವಳ ಉಗುರು ನೀಲಿಗಟ್ಟುತ್ತಿತ್ತು. ಹೊರಗೆ ಹೊಳೆಯ ಸದ್ದು. ಮಾವ ಬಂದು ಹೊಸ್ತಿಲಲ್ಲಿ ನಿಂತರು, ಒಳಗೆ ಬರುವ ಧೈರ್ಯ ಅವರಿಗಿರಲಿಲ್ಲ. ಹೇಮಗುಡ್ಡದ ದಿಕ್ಕಿಗೆ ಎಷ್ಟು ಸಲ ಕೈ ಮುಗಿದೆನೋ ಲೆಕ್ಕವಿಲ್ಲ.

ಮಿಷನ್ ಒಮ್ಮೆ ಕೆಮ್ಮಿದ ಹಾಗೆ ಮಾಡಿ ನಿಂತಿತು. ಮತ್ತೆ ಕೆಮ್ಮಿತು. ಆಮೇಲೆ ಗುರ್ ಎಂದು ಹಿಡಿಯಿತು. ಬಿಳಿ ಹಬೆ ಎದ್ದಿತು. ಫಕೀರಮ್ಮ, “ಬಂತು, ಬಂತು, ಎಳ್ಕೋ ಯವ್ವಾ” ಎಂದು ತಾನೇ ಜೋರಾಗಿ ಉಸಿರೆಳೆದಳು. ಅತ್ತೆಯ ಭುಜ ಮೆಲ್ಲಗೆ ಇಳಿಯಿತು. ನಾನು ಫಕೀರಮ್ಮನ ಹಿಟ್ಟಿನ ಕೈಯನ್ನೇ ಹಿಡಿದು ಕಣ್ಣಿಗೆ ಒತ್ತಿಕೊಂಡೆ. “ಧಾರಾವಾಹಿ ಎಷ್ಟರ ನೋಡ್ಕೋ ನಮ್ಮವ್ವ” ಅಂದೆ. ಅವಳಿಗೆ ಅಳುತ್ತಲೇ ನಗು ಬಂತು.

ಬಿಸಿಲಿಳಿದ ಮೇಲೆ ಅತ್ತೆ ಗೋಡೆಗೆ ಒರಗಿ ಕೂತಳು. ವಿಷಯ ಎಲ್ಲ ಕೇಳಿದ್ದಳು. ಮಾವ ಇನ್ನೂ ಹೊಸ್ತಿಲಲ್ಲೇ ಇದ್ದರು.

“ಒಳಗ ಬರ್ರಿ” ಅಂದಳು. ಬಂದರು. ತಲೆ ಎತ್ತಲಿಲ್ಲ.

“ನಿನಗ ಸೋಮವಾರ ಒಮ್ಮೀನೂ ದಮ್ಮು ಬಂದಿರಲಿಲ್ಲ” ಅಂದರು. “ದೇವರ ದಿನ, ಏನೂ ಆಗಂಗಿಲ್ಲ ಅಂದ್ಕೊಂಡಿದ್ದೆ. ದುಡಿಯೋದಕ್ಕ ಬಿಡುವು ಕೊಡಲಿಲ್ಲಂದ್ರ ಪಾಪ ಅಲ್ಲೇನು?”

ಅತ್ತೆ ಅವರನ್ನೇ ನೋಡಿದಳು. ಅವಳಿಗೆ ಸಿಟ್ಟಿರಲಿಲ್ಲ. ಒಂದೊಂದೇ ಮಾತಿಗೆ ನಿಂತು, ಉಸಿರು ತೆಗೆದುಕೊಂಡು ಹೇಳಿದಳು. “ಎತ್ತಿಗೆ ಸೋಮವಾರ ಬಿಡುವು. ಖರೇ. ನನ್ನ ಎದಿಗೆ ಯಾವ ವಾರ ಬಿಡುವು, ಹೇಳ್ರಿ?”

ಮಾವ ಕುಸಿದು ಕೂತರು. ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅತ್ತೆ ಕೈ ಚಾಚಿ ಅವರ ಮೊಣಕಾಲಿನ ಮೇಲಿಟ್ಟಳು. “ಅಳಬ್ಯಾಡ್ರಿ. ನನ್ನ ಕೌದಿ ಹೊದಿಸಿದ್ರಂತಲ್ಲ ಅದಕ್ಕ. ನನಗ ಒಂದಿನನೂ ಅಷ್ಟು ಚಂದಗ ಹೊದಿಸಿಲ್ಲ ನೀವು” ಅಂದಳು. ಮಾವ ಟವೆಲಿನ ಹಿಂದೆಯೇ ನಕ್ಕರು.

ನೀರಿಳಿದ ಮೇಲೆ ಬಂದ ಕಾಶಿನಾಥ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮಾವನ ಮುಖ ನೋಡಿ ತಟಕ್ಕನೆ ನಿಲ್ಲಿಸಿದ. “ತಪ್ಪು ನಂದು ಅಜ್ಜಾ. ಎತ್ತು ಅಂತ ಹೇಳಿದಾವ ನಾನ. ಇವಕ್ಕ ಬಿಸಲ ನೋವಲ್ಲ, ಊಟ. ಹೊತ್ತು ಮುಳುಗಿತಂದ್ರ ಬೆಳಕ ಹರಿಯೂತನಕ ಮಲಗಿರ್ತಾವ. ಬಿಡುವು ದಿನಾ ಐತಿ.”

“ದಿನಾ ಐತಿ?” ಎಂದು ಮಾವ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ, “ಸೋಮವಾರ ಮೈ ತೊಳೀಬಹುದೋ?” ಅಂದರು. ಸೋಮವಾರ ಎತ್ತು ಹೂಡುವುದಿಲ್ಲ, ಆದರೆ ಹೊಳೆಗೆ ಇಳಿಸಿ ಮೈ ತಿಕ್ಕುತ್ತಾರಲ್ಲ.

“ತೊಳಿ ಅಜ್ಜಾ!” ಅಂದ ಕಾಶಿನಾಥ. “ಧೂಳ ಕುಂತ್ರ ಅರ್ಧ ದುಡೀತಾವ. ಬಿಸಲೇರೂದ್ರಾಗ ತೊಳಿ.” ಬ್ಯಾಟರಿ ಬಿಚ್ಚದೆಯೇ ಹೋದ.

ಮುಂದಿನ ಸೋಮವಾರ ನಸುಕಿನಲ್ಲಿ ಮಾವ ಎರಡು ಕೊಡ ಹೊಳೆ ನೀರು ಹೊತ್ತು ಬಂಡೆ ಹತ್ತಿದರು. ನಾವೆಲ್ಲ ಸಂತೆಗೆ ಹೋದೆವು. ದಿನವಿಡೀ ನನಗೆ ಮೆಣಸಿನಕಾಯಿ ಆರಿಸುವುದರಲ್ಲೂ ಮನಸ್ಸಿರಲಿಲ್ಲ. ಸಂಜೆ ಹರಿಗೋಲು ದಂಡೆ ಬಿಟ್ಟಾಗ ಮಬ್ಬುಗತ್ತಲೆ. ಇಷ್ಟು ವಾರ ಅದೇ ಹೊತ್ತಿಗೆ ಕರಿಯ ಗುಡ್ಡೆಯಂತೆ ಕಾಣುತ್ತಿದ್ದ ನಮ್ಮ ಗಡ್ಡಿಯನ್ನು ನೋಡಲು ಹೆದರಿ ಕೆಳಗೆ ನೋಡುತ್ತಿದ್ದೆ. ನೀರಿನಲ್ಲಿ ಬೆಳಕು ಅಲ್ಲಾಡಿತು. ತಲೆ ಎತ್ತಿದೆ. ಊರಲ್ಲಿ ಉಳಿದ ಮುದುಕರು, ಹುಡುಗರು ಸ್ವಿಚ್ ಹಾಕಿದ್ದರು, ಮನೆಮನೆಯಲ್ಲೂ ಬಲ್ಬು ಹತ್ತಿತ್ತು. ಮಲ್ಲೇಶ ಹುಟ್ಟು ಹಾಕುವುದನ್ನೇ ಮರೆತ. ಫಕೀರಮ್ಮ ನನ್ನ ಭುಜ ಹಿಡಿದುಕೊಂಡಳು. ನಾನು ದುರ್ಗಮ್ಮನಿಗೆ, ಸಂಸ್ಥೆಯವರಿಗೆ, ಗಂಗಾವತಿಯ ಡಾಕ್ಟರಿಗೆ, ಆ ಅವಸರದ ಕಾಶಿನಾಥನಿಗೆ, ಎಲ್ಲರಿಗೂ ಒಟ್ಟಿಗೆ ಕೈ ಮುಗಿದೆ.

ಮನೆಗೆ ಬಂದರೆ ಅತ್ತೆ ಬಲ್ಬಿನ ಕೆಳಗೆ ಕೂತು ಕೌದಿ ಹೊಲಿಯುತ್ತಿದ್ದಳು. ಅವತ್ತು ಕಲ್ಲಿಗೆ ಸಿಕ್ಕು ಹರಿದಿದ್ದ ಮೂಲೆಗೆ ತೇಪೆ ಹಾಕುತ್ತಿದ್ದಳು. ಮಾವ ಬಂಡೆ ಇಳಿದು ಬಂದರು. ಈಗ ಅವರಿಗೊಂದು ಹೊಸ ಕೆಲಸವಾಗಿದೆ. ಸೂರ್ಯ ಮುಳುಗುವ ಹೊತ್ತಿಗೆ ಮೇಲೆ ಹೋಗಿ, ಎಂಟಕ್ಕೂ ಒಂದೊಂದು ಸಲ ಕೈ ಹಚ್ಚಿ, “ಬಿಟ್ಟೆ, ಬಿಟ್ಟೆ” ಎಂದು ಹೇಳಿ ಬರುತ್ತಾರೆ. ಹೇಳದಿದ್ದರೂ ಅವು ನಿಲ್ಲುತ್ತವೆ ಎಂದು ಕಾಶಿನಾಥ ಹೇಳಿದ್ದಾನೆ. ಹೇಳಿದರೆ ತಪ್ಪೇನು ಎಂದು ಮಾವ ಕೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಒದ್ದೆ ಟವೆಲು ಗೂಟಕ್ಕೆ ಹಾಕಿ, ಮಾವ ಅತ್ತೆಯ ಎದುರು ಕೂತರು. ದಿನಾ ಕೇಳುವ ಮಾತನ್ನೇ ಕೇಳಿದರು.

“ಹೆಂಗೈತಿ ಉಸಿರು?”

ಅತ್ತೆ ದಾರವನ್ನು ಹಲ್ಲಿನಿಂದ ಕಡಿದು, ಕೌದಿಯನ್ನು ಅವರ ಹೆಗಲಿಗೆ ಹೊದಿಸಿದಳು.

“ಐತಿ” ಅಂದಳು. “ಸೋಮವಾರನೂ ಐತಿ.”